ಫ್ಯೂಸ್ ಎಷ್ಟು ಆಂಪಿಯರ್‌ನದು ಇರಬೇಕು? ಲೆಕ್ಕವನ್ನು ತಂತಿಯಿಂದ ಶುರು ಮಾಡಿ

ನಮ್ಮ ಊರಿನ ಹಳೆಯ ಮನೆಯಲ್ಲಿ ಮೀಟರ್ ಬೋರ್ಡಿನ ಮೇಲೆ ಒಂದು ಬೆಂಕಿಪೊಟ್ಟಣ ಸದಾ ಇರುತ್ತಿತ್ತು. ಅದರೊಳಗೆ ಕಡ್ಡಿ ಇರಲಿಲ್ಲ, ಹಳೆಯ ವೈರಿನಿಂದ ಬಿಡಿಸಿಟ್ಟ ತಾಮ್ರದ ಎಳೆಗಳಿದ್ದವು. ರಾತ್ರಿ ಕರೆಂಟ್ ಹೋದರೆ ಅಪ್ಪ ಮೊದಲು ಅಂಗಳಕ್ಕೆ ಬಂದು ಪಕ್ಕದ ಮನೆ ಕಡೆ ನೋಡುತ್ತಿದ್ದರು. ಅಲ್ಲಿ ದೀಪ ಉರಿಯುತ್ತಿದ್ದರೆ ಹೋಗಿದ್ದು ನಮ್ಮ ಫ್ಯೂಸ್ ಅಂತ ಅರ್ಥ. ನಾನು ಟಾರ್ಚ್ ಹಿಡಿಯುತ್ತಿದ್ದೆ. ಅಪ್ಪ ಬಿಳಿ ಪಿಂಗಾಣಿಯ ಫ್ಯೂಸ್ ಕಿತ್ತು, ಒಂದು ಎಳೆ ಸುತ್ತಿ, ವಾಪಸ್ ಹಾಕುತ್ತಿದ್ದರು. ಐದು ನಿಮಿಷದ ಕೆಲಸ.

ಬಚ್ಚಲಿನ ಹಂಡೆಯ ಜಾಗಕ್ಕೆ 3000 ವ್ಯಾಟ್‌ನ ಗೀಸರ್ ಬಂದ ಮೇಲೆ ಫ್ಯೂಸ್ ದಿನಾ ಬೆಳಿಗ್ಗೆ ಹೋಗತೊಡಗಿತು. ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರು ಇಸ್ತ್ರಿಪೆಟ್ಟಿಗೆ ಹಾಕಿದರೆ ಮುಗಿಯಿತು. ರಿಪೇರಿಗೆ ಬಂದವರೊಬ್ಬರು ಮೂರು ಎಳೆ ಒಟ್ಟಿಗೆ ಹೊಸೆದು ಕಟ್ಟಿದರು. "ಇನ್ನು ಹೋಗಲ್ಲ ಬಿಡಿ" ಅಂದರು. ನಿಜಕ್ಕೂ ಹೋಗಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ದಿನ ಬಚ್ಚಲ ಗೋಡೆಯ ಹತ್ತಿರ ಸುಟ್ಟ ವಾಸನೆ. ಮರದ ಪಟ್ಟಿ ಬಿಚ್ಚಿ ನೋಡಿದರೆ ವೈರಿನ ಹೊದಿಕೆ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಪಟ್ಟಿಯ ಒಳಮೈ ಕರಕಲಾಗಿತ್ತು. ಫ್ಯೂಸ್ ಮಾತ್ರ ಕಟ್ಟಿದ ದಿನ ಹೇಗಿತ್ತೋ ಹಾಗೇ ಇತ್ತು.

ಆವತ್ತು ನನಗೆ ಅರ್ಥವಾದದ್ದು ಇಷ್ಟು. ಫ್ಯೂಸ್ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯಲಿಕ್ಕೆ. ಗೀಸರ್ ಎಷ್ಟು ಎಳೆಯುತ್ತದೆ ಅನ್ನುವುದನ್ನು ಮಾತ್ರ ನೋಡಿ ಫ್ಯೂಸ್ ಹಾಕಿದರೆ ಅರ್ಧ ಲೆಕ್ಕ ಮಾಡಿದಂತೆ. ತಂತಿ ಎಷ್ಟು ತಾಳುತ್ತದೆ ಅನ್ನುವುದು ಉಳಿದರ್ಧ, ಮತ್ತು ಅದೇ ಮುಖ್ಯವಾದ ಅರ್ಧ.

ಫ್ಯೂಸ್ ಕರಗುವುದು ಹೇಗೆ

ತಂತಿಯಲ್ಲಿ ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮನೆಯ ವೈರಿನ ಒಳಗಿರುವ ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಅದರ ಮೇಲಿನ ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿಯವರೆಗೆ. ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ ದಿನಾ ಬೆಂದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಆಮೇಲೆ ಎರಡು ತಂತಿ ಒಂದಕ್ಕೊಂದು ತಾಗಲು ಒಂದು ನೆಪ ಸಾಕು.

ಹಾಗಾಗಿ ಇಡೀ ಲೈನಿನಲ್ಲಿ ಒಂದು ಕಡೆ ಮಾತ್ರ ಬೇಕಂತಲೇ ತೀರಾ ತೆಳ್ಳಗಿನ ತಂತಿ ಇಡುತ್ತೇವೆ. ಕರೆಂಟ್ ಮಿತಿ ಮೀರಿದರೆ ಮೊದಲು ಅದು ಕರಗಬೇಕು. ಕರಗುವುದೂ ಪಿಂಗಾಣಿಯ ಒಳಗೇ ಆಗಬೇಕು, ಬೆಂಕಿ ಹತ್ತಿಕೊಳ್ಳುವಂಥದ್ದು ಯಾವುದೂ ಹತ್ತಿರ ಇರಬಾರದು.

ಇಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. 15 ಆಂಪಿಯರ್ ಫ್ಯೂಸ್ ಅಂದರೆ 15 ಆಂಪಿಯರ್ ದಾಟಿದ ಕೂಡಲೇ ಕರಗುವ ಫ್ಯೂಸ್ ಅಂತ ಅಲ್ಲ. ಅದು 15 ಆಂಪಿಯರನ್ನು ಎಷ್ಟು ಹೊತ್ತು ಬೇಕಾದರೂ ಹೊರುತ್ತದೆ ಅಂತ ಅರ್ಥ. ವೈರ್ ಸುತ್ತುವ ಪಿಂಗಾಣಿ ಫ್ಯೂಸ್ ಕರಗಲು ಹತ್ತಿರ ಹತ್ತಿರ ಎರಡು ಪಟ್ಟು ಕರೆಂಟ್ ಬೇಕು. ಅಂದರೆ 15ರ ಫ್ಯೂಸ್ 25 ಆಂಪಿಯರ್ ಹರಿಯುವಾಗಲೂ ತೆಪ್ಪಗೆ ಕೂತಿರಬಹುದು. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಬಿದ್ದು ಲೈನ್ ಕಡಿಯುವ, ಮತ್ತೆ ಎತ್ತಿ ಹಾಕಬಹುದಾದ ಸ್ವಿಚ್, ಇದಕ್ಕಿಂತ ಚುರುಕು. 16 ಆಂಪಿಯರ್‌ನ ಎಂಸಿಬಿ 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಹಳೆಯ ಪಿಂಗಾಣಿ ಫ್ಯೂಸ್ ತೆಗೆದು ಎಂಸಿಬಿ ಹಾಕಿಸಿ ಅಂತ ಎಲ್ಲರೂ ಹೇಳುವುದಕ್ಕೆ ಇದೂ ಒಂದು ಕಾರಣ.

ಮೊದಲು ತಂತಿಯ ಅಳತೆ ತಿಳಿದುಕೊಳ್ಳಿ

ಅಂಗಡಿಯಲ್ಲಿ ವೈರನ್ನು 1, 1.5, 2.5, 4, 6 ಸ್ಕ್ವೇರ್ ಎಂಎಂ (ಚದರ ಮಿಲಿಮೀಟರ್) ಅಂತ ಕೊಡುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ತಂತಿ ದಪ್ಪ. ಹೊಸ ವೈರಾದರೆ ಅದರ ಮೈಮೇಲೇ ಅಳತೆ ಅಚ್ಚಾಗಿರುತ್ತದೆ. ಸ್ವಿಚ್ ಬೋರ್ಡ್ ಬಿಚ್ಚಿಸಿದಾಗ ಓದಿಕೊಳ್ಳಬಹುದು. ಮನೆ ಕಟ್ಟಿಸುತ್ತಿದ್ದರೆ ವೈರಿಂಗ್ ಮಾಡುವವರ ಹತ್ತಿರ ಯಾವ ಲೈನಿಗೆ ಯಾವ ವೈರ್ ಎಳೆದಿದ್ದಾರೆ ಅಂತ ಈಗಲೇ ಬರೆಸಿಕೊಳ್ಳಿ. ಗೋಡೆ ಪ್ಲಾಸ್ಟರ್ ಆದ ಮೇಲೆ ಕೇಳುವುದು ಕಷ್ಟ, ಅಲ್ವಾ?

ಗೋಡೆಯೊಳಗೆ ಪೈಪಿನಲ್ಲಿ ಹೋಗುವ ತಾಮ್ರದ ವೈರಿಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು:

1.5 ಸ್ಕ್ವೇರ್ ಎಂಎಂ: 10 ಆಂಪಿಯರ್ ಎಂಸಿಬಿ. ಲೈಟು, ಫ್ಯಾನು, ಟಿವಿ.
2.5 ಸ್ಕ್ವೇರ್ ಎಂಎಂ: 16 ಆಂಪಿಯರ್. ಅಡುಗೆಮನೆಯ ಪ್ಲಗ್, ವಾಷಿಂಗ್ ಮಷಿನ್, 2000 ವ್ಯಾಟ್ ಗೀಸರ್.
4 ಸ್ಕ್ವೇರ್ ಎಂಎಂ: 20 ಆಂಪಿಯರ್, ಹೆಚ್ಚೆಂದರೆ 25. ಎಸಿ, 3000 ವ್ಯಾಟ್ ಗೀಸರ್.
6 ಸ್ಕ್ವೇರ್ ಎಂಎಂ: 32 ಆಂಪಿಯರ್. ಮೀಟರಿನಿಂದ ಒಳಬೋರ್ಡಿಗೆ ಬರುವ ಲೈನ್.

ಕಂಪನಿಗಳ ಪಟ್ಟಿಯಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಆಂಪಿಯರ್ ಬರೆದಿರುವುದನ್ನು ನೋಡಬಹುದು. ಆದರೆ ಒಂದೇ ಪೈಪಿನಲ್ಲಿ ನಾಲ್ಕಾರು ವೈರ್ ತುರುಕಿದ್ದರೆ, ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯಂಥ ಕಡೆ ಗೋಡೆಯೇ ಕಾದಿದ್ದರೆ ವೈರಿನ ಬಿಸಿ ಹೊರಗೆ ಹೋಗುವುದಿಲ್ಲ. ಅದಕ್ಕೇ ಸ್ವಲ್ಪ ಕೈ ಬಿಗಿಹಿಡಿದು ಲೆಕ್ಕ ಹಾಕುವುದು ಒಳ್ಳೆಯದು.

ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಇರಬಹುದು. ತುದಿ ಕೆರೆದಾಗ ಬೆಳ್ಳಿಯ ಬಣ್ಣ ಕಂಡು, ಬಗ್ಗಿಸಿದರೆ ಬೇಗ ಮುರಿಯುವಂತಿದ್ದರೆ ಅದು ಅಲ್ಯೂಮಿನಿಯಂ ಇದ್ದೀತು. ಅದೇ ಅಳತೆಯ ತಾಮ್ರ ಹೊರುವುದರಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಅದು ಹೊರುತ್ತದೆ. ಅಂಥ ಕಡೆ ಫ್ಯೂಸ್ ಒಂದು ಅಳತೆ ಕಡಿಮೆಯೇ ಇರಲಿ.

ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋಗಿದ್ದದ್ದು ಹಳೆಯ 1/18ರ ವೈರ್. ಈಗಿನ ಲೆಕ್ಕದಲ್ಲಿ ಸುಮಾರು 1.2 ಸ್ಕ್ವೇರ್ ಎಂಎಂ. ಲೈಟಿಗೆ ಅಂತ ಎಳೆದಿದ್ದ ಲೈನ್ ಅದು. ಅದರ ಮೇಲೆ ಗೀಸರ್, ಇಸ್ತ್ರಿಪೆಟ್ಟಿಗೆ ಎರಡೂ ಕೂತಿದ್ದವು.

ಆಮೇಲೆ ಲೋಡ್ ಕೂಡಿಸಿ

ಪ್ರತಿ ಸಾಮಾನಿನ ಹಿಂದೆ ಅಥವಾ ಅಡಿಯಲ್ಲಿ ವ್ಯಾಟ್ ಬರೆದಿರುತ್ತದೆ. ಆ ಲೈನಿನ ಮೇಲೆ ಒಟ್ಟಿಗೆ ಓಡುವ ಎಲ್ಲದರ ವ್ಯಾಟ್ ಕೂಡಿಸಿ 230ರಿಂದ ಭಾಗಿಸಿ. ಬರುವುದೇ ಆಂಪಿಯರ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, ಅದಕ್ಕೇ ಆ ಸಂಖ್ಯೆ.

2000 ವ್ಯಾಟ್ ಗೀಸರ್ ಅಂದರೆ 8.7 ಆಂಪಿಯರ್. 3000 ವ್ಯಾಟ್‌ನದು 13. ಇಸ್ತ್ರಿಪೆಟ್ಟಿಗೆ 1000 ವ್ಯಾಟ್, 4.3 ಆಂಪಿಯರ್. 750 ವ್ಯಾಟ್ ಮಿಕ್ಸಿ 3.3, ಮೋಟಾರ್ ಇರುವುದರಿಂದ ಸ್ವಲ್ಪ ಜಾಸ್ತಿಯೇ ಅಂದುಕೊಳ್ಳಿ. ಹಳೆಯ ಫ್ಯಾನ್ 75 ವ್ಯಾಟ್, ಎಲ್‌ಇಡಿ ಬಲ್ಬ್ 9 ವ್ಯಾಟ್. ಇವು ಲೆಕ್ಕಕ್ಕೆ ಅಷ್ಟಾಗಿ ಸಿಗುವುದೇ ಇಲ್ಲ. ಬಿಸಿ ಮಾಡುವ ಸಾಮಾನುಗಳೇ ಕರೆಂಟನ್ನು ನುಂಗುವುದು.

ಅಡುಗೆಮನೆಯನ್ನೇ ನೋಡಿ. ಇಂಡಕ್ಷನ್ ಒಲೆ 2000, ನೀರು ಕಾಯಿಸುವ ಕೆಟಲ್ 1500, ಮಿಕ್ಸಿ 750, ಫ್ರಿಜ್ 150. ಒಟ್ಟು 4400 ವ್ಯಾಟ್, ಅಂದರೆ 19 ಆಂಪಿಯರ್. 2.5ರ ವೈರ್, 16ರ ಎಂಸಿಬಿ ಇರುವ ಒಂದೇ ಲೈನಿನ ಮೇಲೆ ಇಷ್ಟೂ ಇದ್ದರೆ ಬೆಳಗಿನ ತಿಂಡಿ ಹೊತ್ತಿಗೆ ಆಗಾಗ ಎಂಸಿಬಿ ಬೀಳಬಹುದು. ಆಗ 25ರ ಎಂಸಿಬಿ ತಂದು ಹಾಕುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಗೋಡೆಯೊಳಗಿನ ವೈರ್ ಬದಲಾಗಿಲ್ಲವಲ್ಲ! ಇಂಡಕ್ಷನ್ ಒಲೆಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, ಅದಕ್ಕೆ ಅದರದ್ದೇ 16ರ ಎಂಸಿಬಿ ಹಾಕಿಸಿ.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ

ಫ್ಯೂಸಿನ ಆಂಪಿಯರ್ ಲೋಡಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ತಂತಿ ತಾಳುವುದಕ್ಕಿಂತ ಎಂದೂ ಜಾಸ್ತಿ ಇರಬಾರದು. ಸುಮಾರು ಕಾಲು ಪಾಲು ಜಾಗ ಇಟ್ಟುಕೊಳ್ಳಿ. ಗೀಸರ್ 8.7 ಆಂಪಿಯರ್ ಎಳೆಯುತ್ತದೆ ಅಂದರೆ ಕಾಲು ಪಾಲು ಸೇರಿಸಿ ಹತ್ತಿರ 11 ಆಯಿತು. ಬಳಕೆಯಲ್ಲಿರುವ ಅದರ ಮುಂದಿನ ಅಳತೆ 16. 16ಕ್ಕೆ ವೈರ್ 2.5 ಇದೆಯಾ? ಇದ್ದರೆ ಸರಿ. 1.5ರ ವೈರ್ ಇದ್ದರೆ ವೈರ್ ಬದಲಿಸಬೇಕು, ಫ್ಯೂಸ್ ದೊಡ್ಡದು ಮಾಡುವ ಹಾಗಿಲ್ಲ.

ಲೋಡಿಗೂ ತಂತಿಗೂ ನಡುವೆ ಹೊಂದುವ ಫ್ಯೂಸ್ ಒಂದೂ ಸಿಗದಿದ್ದರೆ ಉಳಿಯುವ ದಾರಿ ಎರಡೇ. ಲೋಡ್ ಇಳಿಸಿ, ಇಲ್ಲವೇ ದಪ್ಪ ವೈರ್ ಎಳೆಸಿ.

ವೈರ್ ಸುತ್ತುವ ಪಿಂಗಾಣಿ ಫ್ಯೂಸಿಗೆ ಇನ್ನೂ ಒಂದು ಲೆಕ್ಕ ಇದೆ. ಅದು ನಿಧಾನವಾಗಿ ಕರಗುವುದರಿಂದ ತಂತಿ ತಾಳುವ ಆಂಪಿಯರನ್ನು 0.725ರಿಂದ ಗುಣಿಸಿ, ಬಂದ ಸಂಖ್ಯೆಗಿಂತ ಕಡಿಮೆಯ ಫ್ಯೂಸ್ ಹಾಕಬೇಕು. 20 ಆಂಪಿಯರ್ ತಾಳುವ ತಂತಿಗೆ 14.5 ಬಂತು. ಅಂದರೆ 10ರ ಫ್ಯೂಸ್. 15 ಹಾಕಿದರೆ ಏನಾಗುತ್ತೆ ಅಂತ ಅನ್ನಿಸಬಹುದು. ಕರಗಲು 30ರ ಹತ್ತಿರ ಆಂಪಿಯರ್ ಬೇಕಲ್ಲ, ಅಷ್ಟು ಹೊತ್ತು ಬೇಯುವುದು ನಿಮ್ಮ ತಂತಿ.

ಫ್ಯೂಸ್ ವೈರ್ ಎಷ್ಟು ದಪ್ಪ?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಫ್ಯೂಸ್ ವೈರ್ ಅಂತಲೇ ಕೇಳಿ. ತವರದ ಲೇಪ ಇರುವ ತಾಮ್ರದ ತಂತಿ ಅದು, ಲೇಪ ಇರುವುದರಿಂದ ಗಾಳಿಗೆ ಬೇಗ ಕಿಲುಬು ಹಿಡಿಯುವುದಿಲ್ಲ. ಗೇಜ್ ಲೆಕ್ಕದಲ್ಲೂ ಕೇಳಬಹುದು. ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ತಂತಿ ತೆಳ್ಳಗಾಗುತ್ತದೆ, ಇದು ನೆನಪಿರಲಿ.

5 ಆಂಪಿಯರಿಗೆ 0.2 ಮಿ.ಮೀ., ಅಂದರೆ 35 ಗೇಜ್.
10 ಆಂಪಿಯರಿಗೆ 0.35 ಮಿ.ಮೀ., 29 ಗೇಜ್.
15 ಆಂಪಿಯರಿಗೆ 0.5 ಮಿ.ಮೀ., 25 ಗೇಜ್.
20 ಆಂಪಿಯರಿಗೆ 0.6 ಮಿ.ಮೀ., 23 ಗೇಜ್.
30 ಆಂಪಿಯರಿಗೆ 0.85 ಮಿ.ಮೀ., ಹತ್ತಿರದ್ದು 21 ಗೇಜ್.

0.2ಕ್ಕೂ 0.5ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಎಷ್ಟು ಕಡಿಮೆ ನೋಡಿ. ಆದರೆ ಹೊರುವ ಕರೆಂಟ್ ಮೂರು ಪಟ್ಟು. ಹಳೆಯ ವೈರಿನಿಂದ ಬಿಡಿಸಿದ ಎಳೆ ಯಾವ ದಪ್ಪದ್ದು ಅಂತ ಕಣ್ಣಂದಾಜಿನಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಅಂಥ ಎರಡು ಮೂರು ಎಳೆ ಹೊಸೆದರೆ ಲೆಕ್ಕವೇ ತಪ್ಪಿಹೋಗುತ್ತದೆ. ಬೈಂಡಿಂಗ್ ವೈರ್, ಮೊಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ಇವನ್ನೆಲ್ಲ ಫ್ಯೂಸಿನಲ್ಲಿ ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಮನೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಸರಿಯಾದ ಫ್ಯೂಸ್ ವೈರಿಗೆ ಖರ್ಚಾಗುವುದು ಒಂದು ಟೀ ದುಡ್ಡು.

ಹೋದ ಫ್ಯೂಸ್ ಕಟ್ಟುವ ಬಗೆ

ಮೊದಲು ಒಂದು ಎಚ್ಚರಿಕೆ. ಮೀಟರಿನ ಹತ್ತಿರ ಸೀಲ್ ಹಾಕಿರುವ ಫ್ಯೂಸ್ ವಿದ್ಯುತ್ ಕಂಪನಿಯದು. ಅದನ್ನು ಮುಟ್ಟಬೇಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, 1912ಕ್ಕೆ ಫೋನ್ ಮಾಡಿ ದೂರು ಕೊಡಿ. ಇಲ್ಲಿ ಹೇಳುವುದೆಲ್ಲ ಮೀಟರಿನಿಂದ ಒಳಗಿರುವ ನಿಮ್ಮ ಫ್ಯೂಸಿನ ಮಾತು. ಅದರಲ್ಲೂ ಕೈಗೆ ಅಭ್ಯಾಸ ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಯಿರಿ.

ಒಂದು, ಮೈನ್ ಸ್ವಿಚ್ ಆಫ್ ಮಾಡಿ. ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಮನೆಯವರಿಗೆಲ್ಲ ಹೇಳಿ, ಯಾರೂ ಬಂದು ಮೈನ್ ಆನ್ ಮಾಡಬಾರದು.

ಎರಡು, ಫ್ಯೂಸ್ ಕಿತ್ತು, ಕರೆಂಟ್ ಇಲ್ಲ ಅಂತ ಟೆಸ್ಟರ್ ಇಟ್ಟು ಖಚಿತ ಮಾಡಿಕೊಳ್ಳಿ. ಟೆಸ್ಟರ್ ಕೆಲಸ ಮಾಡುತ್ತಿದೆಯಾ ಅಂತ ಮೊದಲೇ ಕರೆಂಟ್ ಇರುವ ಕಡೆ ನೋಡಿಕೊಂಡಿರಬೇಕು.

ಮೂರು, ಅವಸರ ಮಾಡದೆ ಕರಗಿದ ಜಾಗವನ್ನು ಗಮನಿಸಿ. ಯಾಕೆ ಹೋಯಿತು ಅನ್ನುವುದನ್ನು ಫ್ಯೂಸೇ ಹೇಳುತ್ತದೆ. ತಂತಿ ನಡುವೆ ಮಾತ್ರ ತುಂಡಾಗಿದ್ದು, ಸುತ್ತ ಕಪ್ಪಾಗಿಲ್ಲದಿದ್ದರೆ ಅದು ಹೆಚ್ಚಾಗಿ ಓವರ್‌ಲೋಡ್. ತಂತಿಯೇ ಮಾಯವಾಗಿ ಪಿಂಗಾಣಿ ಮಸಿ ಹಿಡಿದು, ಸಣ್ಣ ಸಣ್ಣ ತಾಮ್ರದ ಹನಿಗಳು ಅಂಟಿಕೊಂಡಿದ್ದರೆ ಎಲ್ಲೋ ಶಾರ್ಟ್ ಆಗಿದೆ. ತಂತಿ ಸ್ಕ್ರೂ ಹತ್ತಿರವೇ ಸುಟ್ಟಿದ್ದರೆ ಸ್ಕ್ರೂ ಸಡಿಲ ಇತ್ತು ಅಂತ. ಗಾಜಿನ ಫ್ಯೂಸಿಗೂ ಇದೇ ಓದು. ಗಾಜು ಒಳಗಿನಿಂದ ಕಪ್ಪಾಗಿ ಅಥವಾ ಬೆಳ್ಳಿ ಬಳಿದಂತೆ ಆಗಿದ್ದರೆ ಶಾರ್ಟ್ ಇದೆ. ಅದನ್ನು ಹುಡುಕದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.

ನಾಲ್ಕು, ಆ ಲೈನಿನ ಪ್ಲಗ್ ಎಲ್ಲ ಕೀಳಿ. ಸ್ವಿಚ್‌ಗಳನ್ನು ಆಫ್ ಮಾಡಿ.

ಐದು, ಹಳೆಯ ತುಂಡು ಪೂರಾ ತೆಗೆದು, ಪಿಂಗಾಣಿಯ ಮಸಿಯನ್ನು ಒಣಬಟ್ಟೆಯಲ್ಲಿ ಒರೆಸಿ. ಹೊಸ ಫ್ಯೂಸ್ ವೈರನ್ನು ಅದಕ್ಕೆಂದೇ ಇರುವ ತೋಡಿನಲ್ಲಿ ಹಾಯಿಸಿ, ಸ್ಕ್ರೂ ಬಿಗಿಯಾಗುವ ದಿಕ್ಕಿನಲ್ಲೇ ಒಂದು ಸುತ್ತು ಸುತ್ತಿ. ತಂತಿಯನ್ನು ಜಗ್ಗಿ ಕಟ್ಟಬೇಡಿ, ಜಗ್ಗಿದರೆ ತೆಳ್ಳಗಾಗಿ ಬೇಗ ಹೋಗುತ್ತದೆ. ಸ್ಕ್ರೂ ಬಿಗಿಯಾಗಿರಲಿ, ತಂತಿಯನ್ನು ಕತ್ತರಿಸುವಷ್ಟು ಬೇಡ.

ಆರು, ಫ್ಯೂಸ್ ಒತ್ತಿ ಹಾಕಿ, ಮುಖ ಆಚೆ ತಿರುಗಿಸಿ ಮೈನ್ ಆನ್ ಮಾಡಿ. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಹೋಗುತ್ತದೋ ತಪ್ಪು ಅಲ್ಲಿದೆ. ಏನೂ ಹಾಕದೆಯೇ ಹೋದರೆ ತೊಂದರೆ ಗೋಡೆಯೊಳಗಿನ ವೈರಿಂಗ್‌ನಲ್ಲೇ ಇದೆ. ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.

ನ್ಯೂಟ್ರಲ್‌ನಲ್ಲಿ ಫ್ಯೂಸ್ ಇದೆಯಾ ನೋಡಿಸಿ

ಹಳೆಯ ಬೋರ್ಡುಗಳಲ್ಲಿ ಫೇಸ್‌ಗೊಂದು (ಕರೆಂಟ್ ತರುವ ತಂತಿ), ನ್ಯೂಟ್ರಲ್‌ಗೊಂದು (ಅದು ವಾಪಸ್ ಹೋಗುವ ತಂತಿ) ಅಂತ ಎರಡು ಪಿಂಗಾಣಿ ಫ್ಯೂಸ್ ಇರುತ್ತಿದ್ದವು. ಇದು ಅಪಾಯ. ನ್ಯೂಟ್ರಲ್‌ನ ಫ್ಯೂಸ್ ಮಾತ್ರ ಹೋದರೆ ಲೈಟು, ಫ್ಯಾನು ಎಲ್ಲ ನಿಂತುಬಿಡುತ್ತವೆ. ಕರೆಂಟ್ ಇಲ್ಲ ಅಂತ ನಾವು ಹೋಲ್ಡರಿಗೆ ಕೈ ಹಾಕುತ್ತೇವೆ. ಆದರೆ ಫೇಸ್ ಅಲ್ಲೇ ಇರುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಕಡಿದುಹೋದರೆ ಕೆಲವು ಸಾಮಾನುಗಳ ಮೇಲೆ 230ರ ಬದಲು 400ರ ಹತ್ತಿರ ವೋಲ್ಟ್ ಬಿದ್ದು ಟಿವಿ, ಫ್ರಿಜ್ ಸುಟ್ಟುಹೋಗಬಹುದು. ಫ್ಯೂಸ್ ಫೇಸ್‌ನಲ್ಲಿ ಮಾತ್ರ ಇರಬೇಕು. ನ್ಯೂಟ್ರಲ್‌ಗೆ ಕಡಿಯದ ಗಟ್ಟಿ ಲಿಂಕ್ ಬೇಕು. ನಿಮ್ಮ ಬೋರ್ಡಿನಲ್ಲಿ ಎರಡು ಫ್ಯೂಸ್ ಕಂಡರೆ ನೀವೇ ಏನೂ ಮಾಡಲು ಹೋಗದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನೊಂದು ಮಾತು. ಶಾಕ್‌ನಿಂದ ಮನುಷ್ಯರನ್ನು ಉಳಿಸುವ ಶಕ್ತಿ ಫ್ಯೂಸಿಗೂ ಇಲ್ಲ, ಎಂಸಿಬಿಗೂ ಇಲ್ಲ. ಜೀವಕ್ಕೆ ಕುತ್ತು ತರಲು ಒಂದು ಆಂಪಿಯರಿನ ಸಣ್ಣ ಪಾಲು ಸಾಕು. 5 ಆಂಪಿಯರಿನ ಫ್ಯೂಸಿಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಬೇಕು, ಜೊತೆಗೆ ಒಳ್ಳೆಯ ಅರ್ಥಿಂಗ್ ಬೇಕು. ಆರ್‌ಸಿಸಿಬಿ ಇದೆ ಅಂತ ಎಂಸಿಬಿ ಬಿಡುವ ಹಾಗೂ ಇಲ್ಲ. ಎರಡರ ಕೆಲಸ ಬೇರೆ ಬೇರೆ.

ಎಂಸಿಬಿ ಕೊಳ್ಳುವಾಗ ಅದರ ಮೇಲೆ ಬಿ16, ಸಿ16 ಅಂತ ಬರೆದಿರುತ್ತದೆ. 16 ಅನ್ನುವುದು ಆಂಪಿಯರ್. ಬಿ ಟೈಪ್ 3ರಿಂದ 5 ಪಟ್ಟು ಕರೆಂಟಿಗೆ, ಸಿ ಟೈಪ್ 5ರಿಂದ 10 ಪಟ್ಟಿಗೆ ತಟ್ಟನೆ ಬೀಳುತ್ತದೆ. ಲೈಟು, ಗೀಸರಿಗೆ ಬಿ ಸಾಕು. ಎಸಿ, ನೀರಿನ ಮೋಟಾರ್ ಶುರುವಾಗುವಾಗ ಒಂದು ಕ್ಷಣ ಜಾಸ್ತಿ ಎಳೆಯುತ್ತವೆ, ಅವಕ್ಕೆ ಸಿ ಹಾಕಿಸಿ.

ಪ್ಲಗ್ ಮತ್ತು ಎಕ್ಸ್‌ಟೆನ್ಶನ್ ಬಾಕ್ಸ್

ನಮ್ಮ ಮೂರು ಪಿನ್ನಿನ ಪ್ಲಗ್‌ಗಳಲ್ಲಿ 6 ಆಂಪಿಯರಿನದು, 16 ಆಂಪಿಯರಿನದು ಅಂತ ಎರಡು ಅಳತೆ. ಎರಡರ ಒಳಗೂ ಫ್ಯೂಸ್ ಇರುವುದಿಲ್ಲ. ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಇದು ಬೇರೆ. ಅಲ್ಲಿನ ಪ್ಲಗ್ ಒಳಗೇ ಒಂದು ಸಣ್ಣ ಫ್ಯೂಸ್ ಇರುತ್ತದೆ. ಸುಮಾರು 700 ವ್ಯಾಟ್‌ವರೆಗಿನ ಸಾಮಾನಿಗೆ 3 ಆಂಪಿಯರಿನ ಕೆಂಪು, ಅದಕ್ಕಿಂತ ಜಾಸ್ತಿಗೆ 13 ಆಂಪಿಯರಿನ ಕಂದು ಬಣ್ಣದ ಫ್ಯೂಸ್. ಅಲ್ಲಿ ಗೋಡೆಯ ಲೈನಿಗೆ 32 ಆಂಪಿಯರಿನ ರಕ್ಷಣೆ ಇರುವುದರಿಂದ ಟೇಬಲ್ ಲ್ಯಾಂಪಿನ ತೆಳು ವೈರನ್ನು ಕಾಯಲು ಪ್ಲಗ್ಗಿನಲ್ಲೇ ಫ್ಯೂಸ್ ಬೇಕಾಯಿತು. ಅಲ್ಲಿರುವವರು ಲ್ಯಾಂಪಿನ ಪ್ಲಗ್ಗಿಗೆ 13ರ ಫ್ಯೂಸ್ ಹಾಕಬಾರದು.

ಇಲ್ಲಿ ಆ ಕಾವಲು ಇಲ್ಲ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಎಕ್ಸ್‌ಟೆನ್ಶನ್ ಬಾಕ್ಸಿನ ವೈರ್ 0.75 ಸ್ಕ್ವೇರ್ ಎಂಎಂ ಇದ್ದರೆ ಅದು ತಾಳುವುದು 6-7 ಆಂಪಿಯರ್. ಅದನ್ನು 16ರ ಸಾಕೆಟ್‌ಗೆ ಹಾಕಿ ರೂಮ್ ಹೀಟರನ್ನೋ ಇಂಡಕ್ಷನ್ ಒಲೆಯನ್ನೋ ಓಡಿಸಿದರೆ 16ರ ಎಂಸಿಬಿ ಸುಮ್ನೆ ಇರುತ್ತದೆ, ಬಾಕ್ಸಿನ ವೈರ್ ಬಿಸಿಯೇರುತ್ತದೆ. ಅದೂ ಎಷ್ಟೋ ಸಲ ಹಾಸಿಗೆಯ ಕೆಳಗೆ, ಕರ್ಟನ್ ಹಿಂದೆ. ಬಿಸಿ ಮಾಡುವ ಯಾವ ಸಾಮಾನನ್ನೂ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಬೇಡಿ.

ಸ್ಟೆಬಿಲೈಸರ್, ಟಿವಿಯ ಗಾಜಿನ ಫ್ಯೂಸ್

ಬೆರಳಿನ ಅರ್ಧದಷ್ಟು ಉದ್ದದ ಈ ಫ್ಯೂಸಿನ ಲೋಹದ ಟೊಪ್ಪಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬರೆದಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಟಿ 3.15 ಎ 250 ವಿ ಅಂತ ಇದ್ದರೆ ಟಿ ಅಂದರೆ ನಿಧಾನದ್ದು, 3.15 ಆಂಪಿಯರ್, 250 ವೋಲ್ಟ್‌ವರೆಗೆ. ಎಫ್ ಅಂತ ಇದ್ದರೆ ತಟ್ಟನೆ ಹೋಗುವಂಥದ್ದು. ಟಿ ಇದ್ದ ಕಡೆ ಎಫ್ ಹಾಕಿದರೆ ಸ್ವಿಚ್ ಹಾಕಿದಾಗಲೆಲ್ಲ ಹೋಗಬಹುದು. ಎಫ್ ಇದ್ದ ಕಡೆ ಟಿ ಹಾಕಿದರೆ ಒಳಗಿನ ಭಾಗ ಸುಡಬಹುದು. ಆಂಪಿಯರ್, ಅಕ್ಷರ, ವೋಲ್ಟ್, ಉದ್ದ, ನಾಲ್ಕೂ ಅದೇ ಇರಲಿ. ಬಿಳಿ ಪಿಂಗಾಣಿ ಕೊಳವೆಯ ಫ್ಯೂಸ್ ಇದ್ದ ಕಡೆ ಗಾಜಿನದು ಹಾಕಬೇಡಿ. ದೊಡ್ಡ ಶಾರ್ಟ್ ಆದಾಗ ಗಾಜು ಸಿಡಿಯುತ್ತದೆ.

ಪಂಪ್‌ಸೆಟ್ ಇರುವವರಿಗೆ

5 ಎಚ್‌ಪಿಯ ಮೂರು ಫೇಸ್ ಮೋಟಾರ್ ಓಡುವಾಗ ಸುಮಾರು 7.5ರಿಂದ 8 ಆಂಪಿಯರ್ ಎಳೆಯುತ್ತದೆ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಆದರೆ ಸ್ವಲ್ಪ ಜಾಸ್ತಿ. ಶುರುವಾಗುವಾಗ ಮಾತ್ರ ಕೆಲವು ಕ್ಷಣ ಆರು ಪಟ್ಟು, ಅಂದರೆ 45 ಆಂಪಿಯರ್‌ವರೆಗೆ ಎಳೆಯಬಹುದು. ಇಲ್ಲಿ 10ರ ಫ್ಯೂಸ್ ಹಾಕಿದರೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ 20ರಿಂದ 25ರ ಎಚ್‌ಆರ್‌ಸಿ (ದೊಡ್ಡ ಶಾರ್ಟನ್ನೂ ತಡೆಯುವ, ಮುಚ್ಚಿದ) ಫ್ಯೂಸ್ ಹಾಕುತ್ತಾರೆ. ಸ್ಟಾರ್ಟರ್ ಬಾಗಿಲಿನ ಒಳಗೆ ಎಷ್ಟು ಅಂತ ಚೀಟಿ ಅಂಟಿಸಿದ್ದರೆ ಅದೇ ಕೊನೆಯ ಮಾತು.

ಎಚ್‌ಆರ್‌ಸಿ ಫ್ಯೂಸಿನ ಒಳಗೆ ಸ್ಫಟಿಕದ ಮರಳು ತುಂಬಿರುತ್ತದೆ. ಶಾರ್ಟ್ ಆದಾಗ ಹುಟ್ಟುವ ಕಿಡಿಯ ಬಿಸಿಯನ್ನು ಆ ಮರಳು ಹೀರಿ, ತಾನೇ ಕರಗಿ ಗಾಜಿನಂತಾಗಿ ಕಿಡಿಯನ್ನು ಆರಿಸುತ್ತದೆ. ಹೊರಗೆ ಜ್ವಾಲೆ ಬರುವುದಿಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಇರುವ ಪಂಪ್‌ಸೆಟ್‌ಗಳಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟ್ ತುಂಬಾ ದೊಡ್ಡದು. ಅದನ್ನು ತಡೆಯುವುದು ಬರೀ ತಂತಿ ಸುತ್ತಿದ ಫ್ಯೂಸಿನ ಕೈಲಾಗದು.

25ರ ಫ್ಯೂಸ್ 8 ಆಂಪಿಯರಿನ ಮೋಟಾರನ್ನು ಓವರ್‌ಲೋಡಿನಿಂದ ಕಾಯುವುದಿಲ್ಲ. ಆ ಕೆಲಸ ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇಯದು. ಅದರ ಮುಳ್ಳು ಮೋಟಾರಿನ ಹೆಸರುಪಟ್ಟಿಯಲ್ಲಿ ಬರೆದಿರುವ ಆಂಪಿಯರಿಗೆ ಸರಿಯಾಗಿರಬೇಕು. ಪದೇ ಪದೇ ಬೀಳುತ್ತದೆ ಅಂತ ಮುಳ್ಳನ್ನು ಮೇಲಕ್ಕೆ ತಿರುಗಿಸಿದ ಮೋಟಾರ್‌ಗಳೇ ರಿವೈಂಡಿಂಗ್ ಅಂಗಡಿಯ ಮುಂದೆ ಸಾಲಾಗಿ ಕೂತಿರುತ್ತವೆ.

ಮೂರರಲ್ಲಿ ಒಂದು ಫ್ಯೂಸ್ ಮಾತ್ರ ಹೋದರೆ ಅದು ಇನ್ನೂ ಕೆಟ್ಟದ್ದು. ಓಡುತ್ತಿದ್ದ ಮೋಟಾರ್ ನಿಲ್ಲುವುದಿಲ್ಲ, ಉಳಿದ ಎರಡು ಫೇಸ್‌ನಲ್ಲೇ ಗೊರಗುಡುತ್ತಾ ಸುಮಾರು 1.7 ಪಟ್ಟು ಕರೆಂಟ್ ಎಳೆಯುತ್ತದೆ. ಕಾಯಿಲ್ ಸುಡಲು ಹೆಚ್ಚು ಹೊತ್ತು ಬೇಕಿಲ್ಲ. ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ. ಒಂದು ಎಚ್‌ಆರ್‌ಸಿ ಹೋದರೆ ಮೂರನ್ನೂ ಬದಲಿಸಿ, ಉಳಿದೆರಡೂ ಅದೇ ಏಟು ತಿಂದಿರುತ್ತವೆ.

ಟಿಸಿಯ ಫ್ಯೂಸ್ ನೀವು ಹಾಕುವುದಲ್ಲ. ಮೇಲೆ 11,000 ವೋಲ್ಟ್ ಇರುತ್ತದೆ. ಬೆಳೆ ಒಣಗುತ್ತಿದೆ, ಲೈನ್‌ಮ್ಯಾನ್ ಬರುವುದು ತಡ ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕಂಬ ಹತ್ತಬೇಡಿ, ಒಣಕೋಲು ಹಿಡಿದು ತಳ್ಳಲೂ ಹೋಗಬೇಡಿ. ಕಾಯಿರಿ.

ಕಾರು, ಬೈಕು, ಇನ್ವರ್ಟರ್

ಕಾರಿನ ಫ್ಯೂಸ್‌ಗಳಿಗೆ ಬಣ್ಣವೇ ಅಳತೆ. ತಿಳಿ ಕಂದು 5, ಗಾಢ ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಯಾವ ಗೂಡಿಗೆ ಯಾವುದು ಅಂತ ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ. ಕೆಂಪು ಹೋದ ಕಡೆ ಕೆಂಪೇ. ಘಾಟಿಯಲ್ಲಿ ರಾತ್ರಿ ಹೆಡ್‌ಲೈಟ್ ಫ್ಯೂಸ್ ಹೋದರೆ ಅಂತ ಎರಡೆರಡು ಹೆಚ್ಚುವರಿ ಗಾಡಿಯಲ್ಲೇ ಇಟ್ಟುಕೊಳ್ಳಿ.

ಹೊರಗಿನಿಂದ ಲೈಟು, ಹಾರ್ನು ಹಾಕಿಸುವಾಗ ವ್ಯಾಟನ್ನು 12ರಿಂದ ಭಾಗಿಸಿ, ಬ್ಯಾಟರಿ 12 ವೋಲ್ಟಿನದು. 100 ವ್ಯಾಟ್ ಅಂದರೆ 8.3 ಆಂಪಿಯರ್, ಕಾಲು ಪಾಲು ಸೇರಿಸಿದರೆ 10ಕ್ಕಿಂತ ಚೂರು ಜಾಸ್ತಿ, ಹಾಗಾಗಿ 15ರ ಫ್ಯೂಸ್, ಅದನ್ನು ತಾಳುವ ವೈರ್. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಹತ್ತಿರವೇ ಇರಬೇಕು. ಲೈಟಿನ ಹತ್ತಿರ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇಲ್ಲ.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಬ್ಯಾಟರಿಯ ಬಗ್ಗೆ ನಮಗೆ ಸಲುಗೆ. ಆದರೆ ಇನ್ವರ್ಟರಿನ 150 ಎಎಚ್ ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ತಾಗಿದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಅಲ್ಲಿ ಕೈ ಹಾಕುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಿ.

ಬ್ಯಾಟರಿ, ಸೋಲಾರ್ ಲೈನಿಗೆ ಡಿಸಿಗೆಂದೇ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿಗೆಂದೇ ಮಾಡಿದ ಫ್ಯೂಸ್ ಬೇಕು. ಮನೆಗೆ ಬರುವ ಎಸಿ ಕರೆಂಟ್ (ದಿಕ್ಕು ಬದಲಿಸುತ್ತಾ ಹರಿಯುವಂಥದ್ದು) ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಆಗ ಕಿಡಿ ಆರಲು ಅವಕಾಶ ಸಿಗುತ್ತದೆ. ಡಿಸಿ ಸೊನ್ನೆಗೆ ಇಳಿಯುವುದೇ ಇಲ್ಲ. ಎಸಿ ಕರೆಂಟಿನ ಫ್ಯೂಸ್ ಅಲ್ಲಿ ಕರಗಿದರೂ ಕಿಡಿ ಉರಿಯುತ್ತಲೇ ಇರಬಹುದು. ಚಾವಣಿಯ ಮೇಲೆ ಸೋಲಾರ್ ಹಾಕಿಸುವವರು ಫ್ಯೂಸಿನ ಮೇಲೆ ಡಿಸಿ ವೋಲ್ಟ್ ಎಷ್ಟು ಅಂತ ಬರೆದಿದೆಯಾ ನೋಡಿ, ಅದು ಪ್ಯಾನೆಲ್‌ಗಳ ಒಟ್ಟು ವೋಲ್ಟ್‌ಗಿಂತ ಜಾಸ್ತಿ ಇರಬೇಕು.

ಬೋರ್ಡಿನ ಬಾಗಿಲಿಗೆ ಒಂದು ಚೀಟಿ

ಊರಿನ ಮನೆಯ ಗೀಸರಿಗೆ ಈಗ 4 ಸ್ಕ್ವೇರ್ ಎಂಎಂ ತಾಮ್ರದ ಬೇರೆ ಲೈನ್ ಇದೆ, 20ರ ಎಂಸಿಬಿ ಇದೆ. ಬೋರ್ಡಿನ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ. "ಬಚ್ಚಲು ಗೀಸರ್, 4 ವೈರ್, 20 ಆಂಪಿಯರ್. ಅಡುಗೆಮನೆ ಪ್ಲಗ್, 2.5 ವೈರ್, 16 ಆಂಪಿಯರ್. ಜಗಲಿ ಲೈಟು, 1.5 ವೈರ್, 10 ಆಂಪಿಯರ್." ನೀವೂ ಹೀಗೆ ಬರೆದು ಅಂಟಿಸಿ. ವೈರಿನ ಅಳತೆಯನ್ನು ಮರೆಯದೆ ಬರೆಯಿರಿ. ನಾಳೆ ಯಾರೋ ರಿಪೇರಿಗೆ ಬಂದು ದೊಡ್ಡ ಎಂಸಿಬಿ ಹಾಕಲು ಕೈ ಎತ್ತಿದಾಗ ಮನೆಯಲ್ಲಿ ಯಾರಿದ್ದರೂ ಆ ಚೀಟಿ ತೋರಿಸಿ ಬೇಡ ಅನ್ನಬಹುದು. ಅದರ ಒಂದು ಫೋಟೊ ಮನೆಯವರೆಲ್ಲರ ಮೊಬೈಲಿನಲ್ಲೂ ಇರಲಿ.